ತಂಗಿಯ ದುಭಾಷಿ

ನನ್ನ ತಂಗಿಗೆ ಫ್ರಾನ್ಸ್ ಎಂದರೆ ಸೆಂಟಿನ ಬಾಟಲಿ. ನನಗೆ ಅದು ಪದವಿಯ ಮೂರು ವರ್ಷ. ಮಂಗಳೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಉಳಿದವರೆಲ್ಲ ಹಿಂದಿಯೋ ಕನ್ನಡವೋ ಆರಿಸಿಕೊಂಡಾಗ ನಾನು ಫ್ರೆಂಚ್ ತೆಗೆದುಕೊಂಡಿದ್ದೆ. ಪಾಂಡಿಚೇರಿಯಿಂದ ಬಂದ ವಯಸ್ಸಾದ ಸಿಸ್ಟರ್ ಒಬ್ಬರು ಕಲಿಸುತ್ತಿದ್ದರು. ಕ್ಲಾಸಿನಲ್ಲಿ ನಾವು ಐದಾರು ಮಂದಿ. ಅವರು ಮೂಗಿನಿಂದ ಹೊರಡಿಸುತ್ತಿದ್ದ ಸ್ವರಗಳನ್ನು ನಾನು ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡುವಾಗ, ತಂಗಿ ಒಳಗೆ ಓಡಿಹೋಗಿ "ಅಮ್ಮಾ, ಅಕ್ಕನಿಗೆ ಶೀತ ಆಗಿದೆ" ಎಂದು ಹೇಳಿ ನಗುತ್ತಿದ್ದಳು.

ಎಂದಾದರೂ ಆ ದೇಶಕ್ಕೆ ಹೋಗುತ್ತೇನೆ ಎಂದು ನಾನು ಯಾರಲ್ಲೂ ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡದ್ದರಿಂದಲೇ ಅದು ನನ್ನದು ಅನ್ನಿಸುತ್ತಿತ್ತೋ ಏನೋ. ಕೊನೆಗೆ ಮದುವೆಯಾಗಿ ಹೋದದ್ದು ಬಹ್ರೈನಿಗೆ. ಗಂಡನಿಗೆ ಸಿತ್ರಾದ ಕಾರ್ಖಾನೆಯೊಂದರಲ್ಲಿ ಪಂಪುಗಳ ರಿಪೇರಿ ಕೆಲಸ, ಮೂರು ಶಿಫ್ಟು, ಕಂಪೆನಿಯ ಬಸ್ಸು. ಗುದೈಬಿಯಾದ ಹಳೆಯ ಕಟ್ಟಡವೊಂದರಲ್ಲಿ ನಮ್ಮದು ಎರಡು ಕೋಣೆಯ ಮನೆ. ಕೆಳಗೆ ಮಲಯಾಳಿಗಳ ಹೋಟೆಲು. ಅಲ್ಲಿ ಪರೋಟ ಬಡಿಯುವ ಸದ್ದಿಗೆ ನಮ್ಮ ಮಗಳು ನಿದ್ದೆಯಿಂದ ಏಳುತ್ತಿದ್ದಳು. ನಾನು ಮನಾಮದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಅಲ್ಲಿ ಇಂಗ್ಲಿಷ್ ಬೇಕಿತ್ತು, ಸ್ವಲ್ಪ ಅರಬ್ಬಿ ಬೇಕಿತ್ತು. ಫ್ರೆಂಚ್ ಯಾರಿಗೂ ಬೇಕಿರಲಿಲ್ಲ.

ಆ ಆಫೀಸಿಗೆ ಆಗಾಗ ಉಡುಪಿ ಕಡೆಯ ಯುವಕರೊಬ್ಬರು ಬರುತ್ತಿದ್ದರು. ಯುರೋಪಿನಿಂದ ಪಂಪು ತರಿಸಿ ಸಿತ್ರಾದ ಕಾರ್ಖಾನೆಗಳಿಗೆ ಮಾರುವ ಸ್ವಂತ ವ್ಯಾಪಾರ ಅವರದು. ಒಂದು ದಿನ ನನ್ನ ಮೇಜಿನ ಗಾಜಿನಡಿ ಇದ್ದ ಫೋಟೋ ನೋಡಿ, "ಇದು ಯಾರು ಅಕ್ಕ?" ಎಂದು ಕೇಳಿದರು. ತಂಗಿ ಚೆಂದ. ಅದನ್ನು ನಾನು ಮೊದಲೇ ಹೇಳಬೇಕಿತ್ತು. ಅವಳ ಫೋಟೋ ನೋಡಿದ ಯಾರೂ ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಮುಂದಿನದನ್ನೆಲ್ಲ ಮಾಡಿದವಳು ನಾನೇ. ಊರಿಗೆ ಫೋನು ಮಾಡಿ, ಜಾತಕ ತರಿಸಿ, ರಜೆ ಹಾಕಿ ಹೋಗಿ ಧಾರೆಸೀರೆ ಆರಿಸಿ, ನನ್ನ ಕೈಯಾರೆ ಅವಳನ್ನು ಜುಫೈರಿನ ಹೊಸ ಫ್ಲಾಟಿಗೆ ತಂದು ಕೂರಿಸಿದೆ. ನನ್ನ ಗಂಡ ಗ್ರೀಸು ಮೆತ್ತಿಕೊಂಡು ಬಿಚ್ಚುತ್ತಿದ್ದ ಪಂಪುಗಳನ್ನೇ ಅವಳ ಗಂಡ ಕೋಟು ಹಾಕಿಕೊಂಡು ಮಾರುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ನಮಗೆ ಅವರಲ್ಲೇ ಊಟ. ಮಗಳು ಗುರುವಾರದಿಂದಲೇ "ಚಿಕ್ಕಮ್ಮನ ಮನೆ, ಚಿಕ್ಕಮ್ಮನ ಮನೆ" ಎಂದು ಕುಣಿಯುತ್ತಿದ್ದಳು. ಅಂಥ ಒಂದು ಊಟದಲ್ಲಿ ತಂಗಿ ಮೀನಿನ ಮುಳ್ಳು ಬಿಡಿಸುತ್ತ, ನಾಳೆ ಮನಾಮದ ಸೂಕಿಗೆ, ಪೇಟೆಗೆ ಹೋಗುವವಳ ಹಾಗೆ, "ಅಕ್ಕಾ, ಬರುವ ತಿಂಗಳು ನಾವು ಫ್ರಾನ್ಸಿಗೆ ಹೋಗುದು" ಎಂದಳು.

ನಾನು ತಟ್ಟೆಯಿಂದ ತಲೆ ಎತ್ತಿದೆ. "ಯಾವ ಊರಿಗೆ?"

"ಎಂತದೋ ಲಿಯಾನ್ ಅಂತೆ. ಇವರಿಗೆ ಪಂಪಿನ ಕಂಪೆನಿಯವರ ಹತ್ರ ಮೀಟಿಂಗ್ ಉಂಟು. ಪ್ಯಾರಿಸ್ ಆದ್ರೂ ಆಗಿದ್ರೆ ಚೆಂದ ಇತ್ತು."

"ಲಿಯಾನ್ ಅಲ್ಲ, ಲಿಯೋಂ," ಎಂದೆ. "ಕೊನೆಯದ್ದು ಮೂಗಿನಲ್ಲಿ."

ಆ ಊರಿನ ಬಗ್ಗೆ ಸಿಸ್ಟರ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಎರಡು ನದಿಗಳು ಕೂಡುವ ಊರು. ಒಂದು ಕಾಲದಲ್ಲಿ ಮನೆಮನೆಯಲ್ಲೂ ರೇಷ್ಮೆ ನೇಯುತ್ತಿದ್ದರಂತೆ. ಹಳೆಯ ಮನೆಗಳ ಒಳಗಿಂದಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾರಿಗಳಿವೆಯಂತೆ. ಇದನ್ನೆಲ್ಲ ಹೇಳಿದೆ. ತಂಗಿ ಗಂಡನ ಕಡೆ ತಿರುಗಿ, "ನೋಡಿದ್ರಾ, ಅಕ್ಕನಿಗೆ ಎಲ್ಲ ಗೊತ್ತುಂಟು" ಎಂದಳು.

"ಹಾಗಾದ್ರೆ ಅಕ್ಕನೂ ಬರ್ಲಿ," ಎಂದರು ಅವಳ ಗಂಡ. "ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರುದು. ಇವಳಿಗೆ ಭಾಷೆ ಬರುದಿಲ್ಲ, ಒಬ್ಬಳೇ ಕೂತು ಎಂತ ಮಾಡ್ತಾಳೆ? ನೀವಿದ್ರೆ ನನಗೂ ಧೈರ್ಯ. ವೀಸಾ, ಟಿಕೆಟ್ ಎಲ್ಲ ನಾನು ನೋಡ್ಕೊಳ್ತೇನೆ."

ಅಷ್ಟು ಸುಲಭವಾಗಿ, ಊಟದ ನಡುವೆ, ನನ್ನ ದೇಶವನ್ನು ಅವರು ನನಗೆ ಬಡಿಸಿಬಿಟ್ಟರು. ಮನೆಗೆ ಬಂದ ಮೇಲೆ ನನಗೆ ಸಿಟ್ಟು ಬಂತು. "ನಾನು ಹೋಗುದಿಲ್ಲ. ಅವರ ಚೀಲ ಹೊರ್ಲಿಕ್ಕಾ ನಾನು?" ಎಂದೆ.

"ಚೀಲ ಹೊತ್ತಾದ್ರೂ ಹೋಗು ಮಾರಾಯ್ತಿ," ಎಂದರು ನನ್ನ ಗಂಡ. "ನಾನು ಶಿಫ್ಟ್ ಬದ್ಲಾಯಿಸ್ಕೊಂಡು ಮಗಳನ್ನು ನೋಡ್ಕೊಳ್ತೇನೆ. ನಾನು ನಿನ್ನನ್ನು ಅಲ್ಲಿಗೆ ಕರ್ಕೊಂಡು ಹೋಗುವ ದಿನ ಬರ್ಲಿಕ್ಕಿಲ್ಲ." ಅವರು ಅದನ್ನು ಬೇಸರವಿಲ್ಲದೆ ಹೇಳಿದರು. ನಾನು ಬೇಸರದಿಂದ ಕೇಳಿಸಿಕೊಂಡೆ.

ಏಪ್ರಿಲಿನಲ್ಲಿ ಹೊರಟೆವು. ಬಹ್ರೈನಿನಲ್ಲಿ ಆಗಲೇ ಸೆಖೆ ಶುರುವಾಗಿತ್ತು, ಲಿಯೋಂನಲ್ಲಿ ಇಳಿದಾಗ ಹಲ್ಲು ಕಟಕಟ ಎನ್ನುವ ಚಳಿ. ಹಳೆಯ ಪೇಟೆಯ ಓಣಿಯೊಳಗೆ ಟ್ಯಾಕ್ಸಿ ಹೋಗುತ್ತಿರಲಿಲ್ಲ. ಕಲ್ಲು ಹಾಸಿದ ದಾರಿಯಲ್ಲಿ ಪೆಟ್ಟಿಗೆಗಳನ್ನು ಗಡಗಡ ಎಳೆದುಕೊಂಡು ಹೋಟೆಲಿಗೆ ಹೋದೆವು. ಜುಫೈರಿನ ಹೋಟೆಲುಗಳಂತೆ ಗಾಜಿನ ಬಾಗಿಲು, ಸೆಲ್ಯೂಟು ಹೊಡೆಯುವವರು ಇದ್ದಾರು ಎಂದುಕೊಂಡಿದ್ದ ತಂಗಿಗೆ ನಿರಾಸೆಯಾಯಿತು. ಒಂದು ಸಣ್ಣ ಮರದ ಬಾಗಿಲು, ಅದರ ಹಿಂದೆ ಕತ್ತಲೆಯ ಉದ್ದ ಓಣಿ. ಅದನ್ನು ದಾಟಿದರೆ ತಟ್ಟನೆ ಬೆಳಕು ಬೀಳುವ ಅಂಗಳ. ಅಂಗಳದ ಮೂಲೆಯಲ್ಲಿ ಶಂಖದೊಳಗಿನ ಹಾಗೆ ಸುತ್ತುತ್ತ ಮೇಲೇರುವ ಕಲ್ಲಿನ ಮೆಟ್ಟಿಲು. ಶತಮಾನಗಳ ಹಳೆಯ ಮನೆಯನ್ನು ಹತ್ತು ಹನ್ನೆರಡು ಕೋಣೆಗಳ ಹೋಟೆಲು ಮಾಡಿದ್ದರು. ಒಂದು ಕೋಣೆಯಂತೆ ಇನ್ನೊಂದಿಲ್ಲ. ನನ್ನ ಕಣ್ಣು ತುಂಬಿ ಬಂತು. ತಂಗಿ, "ಲಿಫ್ಟ್ ಇಲ್ವಾ?" ಎಂದಳು.

ಹೋಟೆಲಿನ ಒಡತಿ ಐವತ್ತು ದಾಟಿದ ಹೆಂಗಸು. ಗಿಡ್ಡ ಮಾಡಿದ ನರೆಗೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ವಿಮಾನದಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ವಾಕ್ಯವನ್ನು ನಾನು ಅವರ ಮುಂದೆ ಒಂದು ತಪ್ಪಿಲ್ಲದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮುಗುಳ್ನಕ್ಕು, "ವೆಲ್‌ಕಮ್. ಪಾಸ್‌ಪೋರ್ಟ್ ಪ್ಲೀಸ್" ಎಂದರು. ತಂಗಿಯ ಗಂಡ ಪಾಸ್‌ಪೋರ್ಟುಗಳನ್ನು ಕೊಟ್ಟರು. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಅವರಿಬ್ಬರಿಗೆ ಮೊದಲ ಮಹಡಿಯಲ್ಲಿ ದೊಡ್ಡ ಕೋಣೆ. ಮೇಲೆ ಬಣ್ಣದ ಹೂಬಳ್ಳಿ ಬರೆದ ತೊಲೆಗಳು, ಅಂಗಳದ ಕಡೆಗೆ ಎರಡು ಕಿಟಕಿ, ಪರದೆ ಕಟ್ಟಿದ ಮಂಚ. ನನಗೆ ಎಲ್ಲಕ್ಕಿಂತ ಮೇಲೆ, ಮಾಡಿನ ಅಡಿಯ ಕೋಣೆ. ಹಿಂದೆ ಅದು ಆಳುಗಳದ್ದಾಗಿತ್ತು ಎಂದು ಬಾಗಿಲ ಪಕ್ಕದ ಫಲಕದಲ್ಲಿ ಫ್ರೆಂಚಿನಲ್ಲಿ ಬರೆದಿತ್ತು. ಮಂಚದಿಂದ ಏಳುವಾಗ ಇಳಿಜಾರು ಮಾಡು ಹಣೆಗೆ ಬಡಿಯುತ್ತಿತ್ತು. ಕಿಟಕಿ ತೆರೆದರೆ ಮಾತ್ರ ಊರೆಲ್ಲ ಹಂಚಿನ ಮಾಡುಗಳು, ಅವುಗಳಾಚೆ ನದಿಯ ಒಂದು ತುಂಡು. ಅದನ್ನು ನೋಡುತ್ತ ನಿಂತಾಗಲೂ ಕೆಳಗಿನ ಆ ತೊಲೆಗಳೇ ಕಣ್ಣಮುಂದೆ ಬರುತ್ತಿದ್ದವು.

ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಗೆ ತಂಗಿ ರೇಷ್ಮೆ ಸೀರೆಯಲ್ಲಿ ಬಂದಳು. ಮಧ್ಯಾಹ್ನ ಕಂಪೆನಿಯವರು ಇಬ್ಬರನ್ನೂ ಊಟಕ್ಕೆ ಕರೆದಿದ್ದರು. ಕಡುಹಸಿರು ಒಡಲು, ಅರಶಿನ ಬಣ್ಣದ ಅಂಚು. ನಾನೇ ಆರಿಸಿಕೊಟ್ಟ ಸೀರೆ ಅದು. ಕಾಫಿ ಹಿಡಿದುಕೊಂಡು ಬಂದ ಒಡತಿ ಅಲ್ಲೇ ನಿಂತುಬಿಟ್ಟರು. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದರು. ಏನೋ ಹೇಳಹೊರಟರು. ಅವರ ಇಂಗ್ಲಿಷು ಬೀಗದಕೈ, ತಿಂಡಿ, ಟ್ಯಾಕ್ಸಿಗೆ ಮುಗಿಯುತ್ತಿತ್ತು. ಆಗ ಅವರು ನನ್ನ ಕಡೆ ತಿರುಗಿ ಫ್ರೆಂಚಿನಲ್ಲಿ ಮಾತು ಶುರುಮಾಡಿದರು.

"ನಿಮ್ಮ ತಂಗಿಗೆ ಹೇಳಿ, ನನ್ನ ಅಜ್ಜಿ ಇದೇ ಊರಿನ ಗುಡ್ಡದ ಮೇಲೆ ರೇಷ್ಮೆ ನೇಯುತ್ತಿದ್ದಳು."

ಹೇಳಿದೆ.

"ನಿಮ್ಮ ತಂಗಿಗೆ ಹೇಳಿ, ಈ ಹಸಿರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಅವಳ ಬಣ್ಣಕ್ಕೆ ಎಷ್ಟು ಒಪ್ಪಿದೆ ಎಂದೂ ಹೇಳಿ."

ಅದನ್ನೂ ಹೇಳಿದೆ. ತಂಗಿ ನಕ್ಕಳು. "ಅವರಿಗೆ ಉಡಿಸಿ ತೋರಿಸ್ಲಾ ಅಂತ ಕೇಳು ಅಕ್ಕ."

ಕೇಳಿದೆ. ಸಂಜೆ ತಿಂಡಿಯ ಕೋಣೆಯ ಮೇಜುಗಳನ್ನು ಬದಿಗೆ ಸರಿಸಿ ತಂಗಿ ಆ ಹೆಂಗಸಿಗೆ ಸೀರೆ ಉಡಿಸಿದಳು. ಉಳಿದುಕೊಂಡಿದ್ದ ಬೇರೆ ಮಂದಿ ಚಪ್ಪಾಳೆ ತಟ್ಟಿದರು. ನೆರಿಗೆ ಹೇಗೆ, ಪಿನ್ನು ಎಲ್ಲಿ, ಉಸಿರು ಎಳೆದುಕೊಳ್ಳಿ, ಬಿಡಿ, ಎಲ್ಲವೂ ನನ್ನ ಬಾಯಿಯಿಂದ. ಒಡತಿ ಕನ್ನಡಿಯಲ್ಲಿ ನೋಡಿಕೊಂಡು ತಂಗಿಯ ಎರಡೂ ಕೆನ್ನೆಗೆ ಮುತ್ತಿಟ್ಟರು. ಆಮೇಲೆ ನನ್ನತ್ತ ತಿರುಗಿ, "ನಿಮ್ಮ ಫ್ರೆಂಚ್ ಬಹಳ ಸೊಗಸು. ನನ್ನ ಅಜ್ಜಿಯ ಪ್ರಾರ್ಥನೆ ಪುಸ್ತಕ ಓದಿದ ಹಾಗಿದೆ" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ನನಗೆ ರಾತ್ರಿಯ ಊಟ ಸೇರಲಿಲ್ಲ.

ಮುಂದಿನ ದಿನಗಳೆಲ್ಲ ಹೀಗೇ. ನಾವಿಬ್ಬರೂ ಊರು ಸುತ್ತುತ್ತಿದ್ದೆವು. ಸಿಸ್ಟರ್ ಹೇಳಿದ್ದ ಒಳದಾರಿಗಳು ನಿಜಕ್ಕೂ ಇದ್ದವು. ಯಾರದೋ ಮನೆಯ ಬಾಗಿಲು ತಳ್ಳಿದರೆ ಅಂಗಳ, ಬಾವಿ, ಕಮಾನು, ಇನ್ನೊಂದು ಬಾಗಿಲು, ಆಚೆಗೆ ಬೇರೆಯೇ ಬೀದಿ. ನಾನು ಒಂದರಿಂದ ಇನ್ನೊಂದಕ್ಕೆ ಹುಚ್ಚಿಯ ಹಾಗೆ ನುಗ್ಗುತ್ತಿದ್ದೆ. ತಂಗಿ ಹಿಂದಿನಿಂದ "ಕಾಲು ನೋಯ್ತದೆ ಅಕ್ಕ" ಎನ್ನುತ್ತ ಬರುತ್ತಿದ್ದಳು. ಆದರೆ ಅಂಗಡಿಗೆ ಹೊಕ್ಕರೆ ಎಲ್ಲರ ಕಣ್ಣು ಅವಳ ಮೇಲೆ. ಪ್ರಶ್ನೆ ನನಗೆ, ನಗು ಅವಳಿಗೆ. ರೊಟ್ಟಿಯ ಅಂಗಡಿಯಲ್ಲಿ ನಾನು ವ್ಯಾಕರಣಬದ್ಧವಾಗಿ ಕೇಳಿ ತೆಗೆದುಕೊಂಡ ರೊಟ್ಟಿಯ ಜೊತೆ, ಏನೂ ಕೇಳದ ಅವಳ ಕೈಗೆ ಅಂಗಡಿಯವಳು ಒಂದು ಸಿಹಿ ಇಟ್ಟಳು. ತಂಗಿ ಅದನ್ನು ಮುರಿದು ನನಗೆ ಅರ್ಧ ಕೊಟ್ಟಳು. "ಬೇಡ" ಎಂದೆ.

ಶನಿವಾರ ಒಡತಿ ಬಂದು, "ನಿಮ್ಮ ತಂಗಿಗೆ ಹೇಳಿ, ನಾಳೆ ಮಧ್ಯಾಹ್ನ ನಮ್ಮ ಮನೆಯವರೆಲ್ಲ ಊಟಕ್ಕೆ ಸೇರುತ್ತೇವೆ. ಅವಳು ಬರಬೇಕು" ಎಂದರು. ಮತ್ತೆ, "ನೀವೂ ಬನ್ನಿ. ಇಲ್ಲದಿದ್ದರೆ ನಾವು ಮಾತಾಡುವುದು ಹೇಗೆ?" ಎಂದು ಸೇರಿಸಿದರು.

ಒಂದಕ್ಷರ ಬಿಡದೆ ತಂಗಿಗೆ ತಿಳಿಸಿದೆ. ಆ ಕೊನೆಯ ಮಾತನ್ನೂ. ಅವಳಿಗೆ ಅದರಲ್ಲಿ ಏನೂ ಕಾಣಲಿಲ್ಲ.

ಭಾನುವಾರ ಅವಳ ಗಂಡ ಕಂಪೆನಿಯವರ ಜೊತೆ ಊರ ಹೊರಗೆ ಹೋಗಿದ್ದರು. ತಂಗಿ ಸಿದ್ಧಳಾಗಿ ಮೇಲೆ ಬಂದಾಗ ನಾನು ಹೊದ್ದು ಮಲಗಿದ್ದೆ. "ತಲೆನೋವು. ನೀನು ಹೋಗು."

"ನೀನಿಲ್ಲದೆ ನಾನೆಂತ ಮಾಡುದು ಅಲ್ಲಿ? ನಾನೂ ಹೋಗುದಿಲ್ಲ."

"ಒಪ್ಪಿಕೊಂಡು ಆಗಿದೆ. ಹೋಗದಿದ್ರೆ ಚೆಂದ ಅಲ್ಲ."

ಅವಳು ಹಣೆ ಮುಟ್ಟಿ ನೋಡಿ ಹೋದಳು. ಅರ್ಧ ಗಂಟೆಯಲ್ಲಿ ಸಪ್ಪೆ ಮೋರೆ ಹಾಕಿಕೊಂಡು ವಾಪಸು ಬರುತ್ತಾಳೆ ಎಂದು ಕಾದೆ. ಬರಲೆಂದೇ ಕಾದೆ. ಬರಲಿಲ್ಲ. ಕೊನೆಗೆ ನಾನೇ ಎದ್ದು ಹೊರಗೆ ಹೋದೆ. ಸೇತುವೆ ದಾಟಿ ನದಿಯ ಆಚೆ ದಡದ ಒಂದು ಕೆಫೆಯಲ್ಲಿ ಕುಳಿತು ಸೂಪು ಹೇಳಿದೆ. ಮಾಣಿ ಫ್ರೆಂಚಿನಲ್ಲೇ ಉತ್ತರ ಕೊಟ್ಟ. ಯಾವ ದೇಶ, ಚಳಿಯಾಗುವುದಿಲ್ಲವೇ, ಇನ್ನಷ್ಟು ರೊಟ್ಟಿ ತರಲೇ, ಎಲ್ಲ ಕೇಳಿದ. ಎಲ್ಲದಕ್ಕೂ ಉತ್ತರಿಸಿದೆ. ಕಾಲೇಜಿನ ದಿನದಿಂದ ನಾನು ಬಯಸಿದ್ದು ಇದನ್ನೇ. ಆದರೆ ಆ ಹೊತ್ತಿನಲ್ಲೂ ನನ್ನ ತಲೆಯೊಳಗೆ ಆ ಮನೆಯ ಊಟದ ಮೇಜೇ ಇತ್ತು. ಈಗ ಏನು ಬಡಿಸಿದ್ದಾರು, ಅವಳು ಏನು ಮಾಡುತ್ತಿದ್ದಾಳು. ಸೂಪು ಆರಿಹೋಯಿತು.

ವಾಪಸು ಬಂದು ಅಂಗಳಕ್ಕೆ ಕಾಲಿಟ್ಟಾಗ ನಗು ಕೇಳಿಸಿತು. ಒಡತಿಯ ಊಟದ ಕೋಣೆಯ ಕಿಟಕಿ ತೆರೆದಿತ್ತು. ಉದ್ದ ಮೇಜಿನ ಸುತ್ತ ಏಳೆಂಟು ಮಂದಿ. ನಡುವೆ ನಿಂತ ತಂಗಿ ಅಚ್ಚ ನಮ್ಮೂರ ಕನ್ನಡದಲ್ಲಿ ದೊಡ್ಡದಾಗಿ ಏನೋ ಹೇಳುತ್ತಿದ್ದಳು. ಅವರು ಫ್ರೆಂಚಿನಲ್ಲಿ ಉತ್ತರ ಕೊಡುತ್ತಿದ್ದರು. ಯಾರಿಗೂ ಏನೂ ತೊಡಕಾದಂತೆ ಕಾಣಲಿಲ್ಲ. ಅವಳು ಬಾವಿಯಿಂದ ನೀರು ಸೇದುವ ಹಾಗೆ ಕೈಯಾಡಿಸಿದಳು, ಪುಸ್ತಕ ಹಿಡಿದು ಕೂರುವ ಹಾಗೆ ಮಾಡಿದಳು, ಆಮೇಲೆ ಮೂಗು ಹಿಡಿದುಕೊಂಡು "ಓಂ, ಆಂ, ಏಂ" ಎಂದಳು. ಬೆರಳು ಮೇಲಕ್ಕೆ, ನನ್ನ ಕೋಣೆಯ ಕಡೆಗೆ ತೋರಿಸಿದಳು. ಮೇಜಿಗೆ ಮೇಜೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಾನು ಸದ್ದಾಗದಂತೆ ಮೆಟ್ಟಿಲು ಹತ್ತಿದೆ.

ಸ್ವಲ್ಪ ಹೊತ್ತಿಗೆ ತಂಗಿ ತಟ್ಟೆ ಹಿಡಿದುಕೊಂಡು ಬಂದಳು. ಅದರಲ್ಲಿ ಗುಲಾಬಿ ಬಣ್ಣದ ಸಕ್ಕರೆ ಬಾದಾಮಿಯ ಒಂದು ಸಿಹಿ. "ತಲೆನೋವು ಕಡಿಮೆ ಆಯ್ತಾ? ಇದು ನಿನಗೆ ಅಂತ ಕೊಟ್ಟಿದ್ದಾರೆ."

"ನನ್ನನ್ನು ತಮಾಷೆ ಮಾಡಿದ್ದಕ್ಕೆ ಸಿಕ್ಕಿದ ಬಹುಮಾನವಾ?"

ಅವಳ ಮುಖ ಸಣ್ಣದಾಯಿತು. "ನೀನು ನೋಡಿದ್ಯಾ? ತಮಾಷೆ ಅಲ್ಲ ಅಕ್ಕ. ನಿನ್ನ ಅಕ್ಕ ಇದನ್ನೆಲ್ಲ ಎಲ್ಲಿ ಕಲ್ತದ್ದು ಅಂತ ಅವರು ಕೇಳಿದ್ದು. ಹಾಗೆ ಕೇಳಿದ್ರು ಅಂತ ನನಗೆ ಅನ್ನಿಸಿತು. ಬಾವಿಕಟ್ಟೆಯಲ್ಲಿ ಕೂತು ಕಲ್ತದ್ದು ಅಂತ ತೋರಿಸಿದೆ."

"ನಿನಗೆ ಸಮುದ್ರದ ಬದಿ ಫ್ಲಾಟ್ ಸಿಕ್ತು, ಕಾರ್ ಸಿಕ್ತು, ನನ್ನ ಮಗಳು ಸಹ ನಿನ್ನ ಹಿಂದೆಯೇ. ನಾನು ಏನಾದ್ರೂ ಹೇಳಿದೆನಾ? ಇದೊಂದು ಮಾತ್ರ ನನ್ನದಿತ್ತು. ಒಂದು ಶಬ್ದ ಬಾರದೆ, ಸೀರೆ ಉಟ್ಕೊಂಡು ಬಂದು ಅದನ್ನೂ ನೀನೇ ತಗೊಂಡೆ."

ಅಷ್ಟು ಮಾತು ನನ್ನೊಳಗೆ ಸಿದ್ಧವಾಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ತಂಗಿ ಮಂಚದ ಮೇಲೆ ಕೂರಹೋಗಿ ಮಾಡಿಗೆ ತಲೆ ಬಡಿಸಿಕೊಂಡಳು. ಬೇರೆ ದಿನವಾದರೆ ಇಬ್ಬರೂ ನಗುತ್ತಿದ್ದೆವು. ಅವಳು ತಲೆ ಉಜ್ಜುತ್ತ, ನನ್ನನ್ನು ನೋಡದೆ, ಮೆಲ್ಲಗೆ ಹೇಳಿದಳು:

"ನನಗೆ ಇಲ್ಲಿಗೆ ಬರ್ಲಿಕ್ಕೆ ಮನಸ್ಸೇ ಇರಲಿಲ್ಲ ಅಕ್ಕ. ಅಕ್ಕ ಬಂದ್ರೆ ಮಾತ್ರ ಬರುದು ಅಂತ ಇವರ ಹತ್ರ ಹಠ ಮಾಡಿದೆ. ಭಾಷೆ ಎಲ್ಲ ನೆಪ. ಇವರ ಮೀಟಿಂಗಲ್ಲಿ ಎಲ್ಲರಿಗೂ ಇಂಗ್ಲಿಷ್ ಬರ್ತದೆ. ನೀನು ಬಾ, ನಾವು ಕರ್ಕೊಂಡು ಹೋಗ್ತೇವೆ ಅಂತ ನೇರ ಹೇಳಿದ್ರೆ ನೀನು ಬರ್ತಿದ್ಯಾ?"

"ಇಲ್ಲ."

"ಮತ್ತೆ?"

ತಟ್ಟೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು ಅವಳು ಇಳಿದು ಹೋದಳು. ಇದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಕರಗಿತು ಎಂದು ಬರೆದರೆ ಸುಳ್ಳಾದೀತು. ಅದು ಇನ್ನೂ ಜೋರಾಗಿ ಉರಿಯಿತು. ಚೆಲುವು ಅವಳದು, ಅದೃಷ್ಟ ಅವಳದು, ಈಗ ಒಳ್ಳೆಯತನವೂ ಅವಳದೇ ಆಯಿತು. ನನಗೆ ಉಳಿದದ್ದು ಉಪಕಾರ ಹೊತ್ತುಕೊಂಡಿರುವುದು. ಆ ಸಿಹಿಯನ್ನು ನಿಂತುಕೊಂಡೇ ತಿಂದೆ. ರುಚಿಯಾಗಿತ್ತು. ಅದೂ ಸಿಟ್ಟು ತರಿಸಿತು.

ಹೊರಡುವ ದಿನ ಒಡತಿ ತಂಗಿಗೆ ತನ್ನ ಅಜ್ಜಿಯ ಕಾಲದ ರೇಷ್ಮೆಯ ಒಂದು ಸಣ್ಣ ತುಂಡನ್ನು ಕೊಟ್ಟರು. ನಾನು ಪೆಟ್ಟಿಗೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಅವರು ನನ್ನ ಬಳಿ ಬಂದು ಮಾತು ಶುರುಮಾಡಿದರು. ಓಣಿಯಲ್ಲಿ ಅಗೆದು ಹಾಕಿ ಮುಚ್ಚದೆ ಹೋದವರ ಬಗ್ಗೆ, ಬೇರೆ ಊರಿನಲ್ಲಿರುವ ಮಗ ಫೋನು ಮಾಡದಿರುವ ಬಗ್ಗೆ, ಚಳಿಗಾಲದಲ್ಲಿ ಈ ಮೆಟ್ಟಿಲು ಹತ್ತಲು ಮಂಡಿ ಬಿಡದಿರುವ ಬಗ್ಗೆ. ತಮ್ಮವರ ಹತ್ತಿರ ಮಾತಾಡುವ ಹಾಗೆ ವೇಗವಾಗಿ, ಪದ ನುಂಗುತ್ತ. ಅರ್ಧವಷ್ಟೇ ಅರ್ಥವಾಯಿತು. ಆದರೆ ಆ ಮಾತಿನಲ್ಲಿ ಒಮ್ಮೆಯೂ "ನಿಮ್ಮ ತಂಗಿಗೆ ಹೇಳಿ" ಬರಲಿಲ್ಲ. ತಂಗಿ ಇದನ್ನು ನೋಡುತ್ತಿದ್ದಾಳೆಯೇ ಎಂದು ತಿರುಗಿ ನೋಡಿದೆ. ಅವಳು ಗಂಡನ ಮಫ್ಲರು ಸರಿಮಾಡುತ್ತಿದ್ದಳು.

ಬಹ್ರೈನಿನ ಏರ್‌ಪೋರ್ಟಿನಲ್ಲಿ ಮಗಳು ಓಡಿಬಂದು ಮೊದಲು ಚಿಕ್ಕಮ್ಮನ ಸೊಂಟ ತಬ್ಬಿದಳು.

ಅದಾದ ಮೇಲೆ ಹಲವು ವಾರ ನಾನು ಜುಫೈರಿಗೆ ಹೋಗಲಿಲ್ಲ. ಪ್ರತಿ ಶುಕ್ರವಾರಕ್ಕೂ ಒಂದು ನೆಪ. ಒಂದು ದಿನ ಗಂಡ ಸಿತ್ರಾದಿಂದ ಬಂದು, ಕೈಯ ಗ್ರೀಸು ತೊಳೆಯುತ್ತ, "ನಿನ್ನ ಹೊಟ್ಟೆಕಿಚ್ಚು ನನಗೆ ಗೊತ್ತಾಗುದಿಲ್ಲಾಂತ ತಿಳ್ಕೊಂಡಿದ್ಯಾ?" ಎಂದರು. "ಅವರ ಪಂಪು ಬಿಚ್ಚುವಾಗ ನನಗೂ ಬರ್ತದೆ ಮಾರಾಯ್ತಿ. ಆದ್ರೆ ಬಿಚ್ಚಿ ಹಾಗೇ ಬಿಟ್ಟು ಬರ್ಲಿಕ್ಕೆ ಆಗ್ತದಾ?" ಆ ಶುಕ್ರವಾರ ಹೋದೆವು. ತಂಗಿ ಬಾಗಿಲು ತೆರೆದು, "ಬಂಗುಡೆ ಮೀನು ತಂದಿದ್ದೇನೆ. ನೀನೇ ಮಸಾಲೆ ಕಡಿ, ನನಗೆ ನಿನ್ನ ಹಾಗೆ ಆಗುದಿಲ್ಲ" ಎಂದಳು. ನಾನು ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದೆ.

ಆ ವರ್ಷ ನಮ್ಮ ಮೇಲಿನ ಮನೆಯವರ ಮಗಳು ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಳು. ನಾನು ಕಲಿತಿದ್ದೇನೆ ಎಂದು ನನ್ನ ಮಗಳ ಬಾಯಿಯಿಂದ ತಿಳಿದು ಅವಳ ತಾಯಿ ಕೇಳಿಕೊಂಡು ಬಂದರು. ಒಬ್ಬಳಿಂದ ನಾಲ್ವರಾದರು, ಆಮೇಲೆ ಮನೆಯ ಚಾಪೆ ಸಾಲದಾಯಿತು. ಸುದ್ದಿ ಕೇಳಿ ತಂಗಿ ಒಂದು ಸಂಜೆ ಬಂದು ಮಕ್ಕಳ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. "ನನಗೂ ಕಲ್ಸು ಅಕ್ಕ."

ಕಲಿಸಿದೆ. ಬಾಯಿಮಾತು ಅವಳಿಗೆ ಬೇಗ ಹತ್ತಿತು. ಬರೆಯುವುದಂತೂ ಬರೇ ತಪ್ಪು. ಅವಳ ಹಾಳೆಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆಯುವಾಗ ನನಗಾಗುತ್ತಿದ್ದ ಸಂತೋಷವನ್ನು ನಾನು ಯಾರಿಂದಲೂ ಅಡಗಿಸುತ್ತಿರಲಿಲ್ಲ. "ಟೀಚರ್‌ಗೆ ಇವತ್ತು ಖುಷಿಯೇ ಖುಷಿ" ಎಂದು ಅವಳು ಮಕ್ಕಳಿಗೆ ಕಣ್ಣು ಹೊಡೆಯುತ್ತಿದ್ದಳು. ಅವಳು ಬಾರದ ದಿನ ಮಕ್ಕಳು ಆಂಟಿ ಎಲ್ಲಿ ಎಂದು ಕೇಳುತ್ತಿದ್ದರು. ಆಗ ಮತ್ತೆ ಎದೆಯಲ್ಲಿ ಚುರುಕ್ ಎನ್ನುತ್ತಿತ್ತು.

ಕೆಲವು ತಿಂಗಳ ನಂತರ ಅವಳ ಗಂಡನ ವ್ಯಾಪಾರ ಮಸ್ಕತ್ತಿಗೆ ಬೆಳೆಯಿತು. ಅವರು ಮನೆ ಖಾಲಿ ಮಾಡಿ ಹೊರಟರು. ಪೆಟ್ಟಿಗೆ ಕಟ್ಟಲು ನಾನು ಎರಡು ದಿನ ರಜೆ ಹಾಕಿ ಹೋಗಿದ್ದೆ. ಏರ್‌ಪೋರ್ಟಿನಲ್ಲಿ ಅವಳೂ ಅತ್ತಳು, ನಾನೂ ಅತ್ತೆ. ಅವಳು ಅಳುವಾಗಲೂ ಚೆಂದ ಕಾಣುತ್ತಿದ್ದಳು. ನನ್ನ ಮೂಗು ಕೆಂಪಾಗಿ ಊದಿತ್ತು.

ಅವಳು ಹೋಗಿ ಒಂದು ತಿಂಗಳಾಗಿರಬಹುದು. ಆಫೀಸಿನ ಕೆಲಸಕ್ಕೆ ಟ್ಯಾಕ್ಸಿಯಲ್ಲಿ ಜುಫೈರ್ ಕಡೆ ಹೋಗುವಾಗ ತಲೆ ತಾನಾಗಿ ಆ ಕಟ್ಟಡದ ಕಡೆ ತಿರುಗಿತು. ಅವಳ ಕಿಟಕಿಗಳಿಗೆ ಬೇರೆ ಯಾರೋ ಹೊಸ ಪರದೆ ಹಾಕಿದ್ದರು. ದುಬಾರಿಯ, ಒಳ್ಳೆಯ ಪರದೆಗಳೇ. ಕೆಳಗೆ ತಂಗಿಯವರ ಜಾಗದಲ್ಲಿ ಆ ಹೊಸಬರ ದೊಡ್ಡ ಕಾರು ನಿಂತಿತ್ತು. ಅದನ್ನೆಲ್ಲ ನೋಡಿ ನನಗೆ ಏನೂ ಅನ್ನಿಸಲಿಲ್ಲ. ಎದೆಯಲ್ಲಿ ಆ ಹಳೆಯ ಚುರುಕ್ ಎಂದೀತೇ ಎಂದು ಸ್ವಲ್ಪ ದೂರದವರೆಗೆ ಹಿಂತಿರುಗಿ ನೋಡುತ್ತಲೇ ಇದ್ದೆ.